ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಜವಾಗ್ಲೂ ಎಷ್ಟು ದೂರ, ಎಷ್ಟು ಗಂಟೆ? ಅಮ್ಮ ಒಬ್ಬರೇ ಹೋಗ್ಬೇಕು

ತುಂಗಾತೀರ
ಎಲ್ರಿಗೂ ನಮಸ್ಕಾರ. ತಂಗಿ ಸ್ಯಾನ್ ಫ್ರಾನ್ಸಿಸ್ಕೊ ಹತ್ರದ ಸನ್ನಿವೇಲ್‌ನಲ್ಲಿ ಇದಾಳೆ, ಸೆಪ್ಟೆಂಬರ್ ಮಧ್ಯಕ್ಕೆ ಹೆರಿಗೆ ಡೇಟ್ ಕೊಟ್ಟಿದಾರೆ. ಬಾಣಂತನಕ್ಕೆ ಅಮ್ಮ ಆಗಸ್ಟ್ ಕೊನೇಲಿ ಶಿವಮೊಗ್ಗದಿಂದ ಹೊರಡ್ತಾರೆ, ಒಬ್ಬರೇ. 66 ವರ್ಷ, ಶುಗರ್ ಇದೆ, ಮಂಡಿನೋವಿದೆ, ಮಿಕ್ಕಿದ್ದೆಲ್ಲ ಗಟ್ಟಿ. ವಿಮಾನ ಹತ್ತಿದ್ದು ಕಾಶಿಗೆ ಹೋದಾಗ ಮಾತ್ರ. ಅವರು ಕೇಳಿದ್ದು ಒಂದೇ, "ದೂರ ಎಷ್ಟಾದ್ರೂ ಇರ್ಲಿ, ಎಷ್ಟು ಹೊತ್ತು ಕೂತಿರ್ಬೇಕು ಅದನ್ನ ಹೇಳು" ಅಂತ. ಅದಕ್ಕೆ ಉತ್ತರ ಹುಡುಕ್ತಾ ಕೂತೆ, ತಲೆ ಕೆಟ್ಟೋಯ್ತು. ದೂರ ಒಂದು ಕಡೆ 13,990 ಅಂತಿದೆ, ಇನ್ನೊಂದು ಕಡೆ 8,693, ಮತ್ತೊಂದು ಕಡೆ 7,554. ಸಮಯ ಒಂದ್ಕಡೆ ಹದಿನೈದೂವರೆ ಗಂಟೆ, ಒಂದ್ಕಡೆ 16, ವಾಪಸ್ ಬರೋಕೆ ಮಾತ್ರ 17 ಮುಕ್ಕಾಲು. ಅದೇ ಎರಡು ಊರು ತಾನೇ, ಹೋಗೋಕೊಂದು ಬರೋಕೊಂದು ಯಾಕೆ? ಮತ್ತೆ ಯಾವುದೋ ನಕ್ಷೇಲಿ ಗೆರೆ ಅಲಾಸ್ಕಾ ಮೇಲೆ ಹೋಗಿದೆ, ಅಮೆರಿಕ ಪಶ್ಚಿಮಕ್ಕಲ್ವಾ ಇರೋದು? ನಿಲ್ಲದೇ ಹೋಗೋ ವಿಮಾನ ಮಾಡ್ಲಾ, ಮಧ್ಯೆ ಒಂದ್ಕಡೆ ಇಳಿದು ಹೋಗೋದು ಮಾಡ್ಲಾ ಅನ್ನೋದೇ ಮುಖ್ಯ ಪ್ರಶ್ನೆ. ಗೊತ್ತಿರೋರು ಹೇಳಿ.

ಬಸವನಗುಡಿ_ಬಸ್ಯಾ
ನಿಲ್ಲದೇ ಹೋಗೋದು. ಯೋಚ್ನೆನೇ ಮಾಡ್ಬೇಡಿ.

ಗಣಿತ_ಮೇಷ್ಟ್ರು
ಮೂರು ಅಂಕಿನೂ ಒಂದೇ ಕಣ್ರೀ. 13,990 ಕಿಲೋಮೀಟರು, 8,693 ಮೈಲಿ, 7,554 ನಾಟಿಕಲ್ ಮೈಲಿ. ವಿಮಾನದವರೂ ಹಡಗಿನವರೂ ಲೆಕ್ಕ ಹಾಕೋದು ನಾಟಿಕಲ್ ಮೈಲೀಲಿ, ಒಂದಕ್ಕೆ 1.852 ಕಿಲೋಮೀಟರ್. ನೀವು ನೋಡಿದ ಪುಟಗಳಲ್ಲಿ ಅಂಕಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ನೋಡಿ. ಸಮಯಕ್ಕೆ ಬಂದ್ರೆ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತೆ, 13,990 ಭಾಗಿಸು 900, ಹದಿನೈದೂವರೆ ಗಂಟೆ. ನಿಮ್ಮ ಹದಿನೈದೂವರೆ ಬಂದಿರೋದು ಅಲ್ಲಿಂದ.

ರನ್‌ವೇ_27
ಮೇಷ್ಟ್ರೇ, ಆ ಭಾಗಾಕಾರ ಸರಿ, ಆದ್ರೆ ಆಕಾಶದಲ್ಲಿ ಯಾರೂ ಆ ಲೆಕ್ಕದ ಪ್ರಕಾರ ಹಾರಲ್ಲ. 900 ಅನ್ನೋದು ಗಾಳಿಗೆ ಹೋಲಿಸಿದ ವೇಗ. ಆ ಗಾಳಿನೇ ನದಿ ಥರ ಒಂದು ಕಡೆಗೆ ಹರೀತಿರುತ್ತೆ, ಪಶ್ಚಿಮದಿಂದ ಪೂರ್ವಕ್ಕೆ. ಅದಕ್ಕೆ ಜೆಟ್ ಸ್ಟ್ರೀಮ್ ಅಂತಾರೆ. 9ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಅಂದ್ರೆ ಪ್ರಯಾಣಿಕರ ವಿಮಾನ ಹಾರೋ ಎತ್ತರದಲ್ಲೇ ಇರುತ್ತೆ. ಚಳಿಗಾಲದಲ್ಲಿ ಜೋರು, ಬೇಸಿಗೇಲಿ ಸಪ್ಪೆ. ಎದುರುಗಾಳಿ ಸರಾಸರಿ 100 ಇದ್ರೆ ನೆಲದ ಲೆಕ್ಕದಲ್ಲಿ ನಿಮ್ಮ ವೇಗ 800ಕ್ಕೆ ಇಳೀತು, ಅದೇ 13,990ಕ್ಕೆ ಹದಿನೇಳೂವರೆ ಗಂಟೆ ಆಯ್ತು. ಹಿಂದಿಂದ ತಳ್ಳಿದ್ರೆ ಉಲ್ಟಾ. 2020ರ ಫೆಬ್ರವರೀಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು, ಕಿಯಾರಾ ಅನ್ನೋ ಬಿರುಗಾಳಿ ಟೈಮಲ್ಲಿ, ನೆಲದ ವೇಗ 1,300 ದಾಟಿತ್ತು. ಅದೇ ವಿಮಾನ ಅದೇ ರಾತ್ರಿ ಎದುರು ದಿಕ್ಕಿಗೆ ಹೋಗಿದ್ರೆ ಏಳೆಂಟು ಗಂಟೆ.

ಹಾಗಾಗಿ ತುಂಗಾತೀರ ಅವ್ರೇ, ನಿಮ್ಮ ಅಮ್ಮ ಹೋಗೋವಾಗ ಪೂರ್ವಕ್ಕೆ ಹೋಗ್ತಾರೆ, ಗಾಳಿ ಬೆನ್ನಿಗೆ. ಬರೋವಾಗ ಮುಖಕ್ಕೆ. 16 ಮತ್ತೆ 17 ಮುಕ್ಕಾಲಿನ ವ್ಯತ್ಯಾಸ ಅದೇ.

ತುಂಗಾತೀರ
ಅಮೆರಿಕಕ್ಕೆ ಪೂರ್ವಕ್ಕೆ ಹೋಗ್ತಾರಾ?? ನಾನು ಇಷ್ಟು ದಿನ ದುಬೈ, ಯುರೋಪ್, ಅಟ್ಲಾಂಟಿಕ್ ಅಂತ ಅಂದ್ಕೊಂಡಿದ್ದೆ

ಗಣಿತ_ಮೇಷ್ಟ್ರು
ನ್ಯೂಯಾರ್ಕಿಗೆ ಹಾಗೆ. ಕ್ಯಾಲಿಫೋರ್ನಿಯಾ ಬೇರೆ. ಬೆಂಗಳೂರು 77.7 ಡಿಗ್ರಿ ಪೂರ್ವ ರೇಖಾಂಶ, ಸ್ಯಾನ್ ಫ್ರಾನ್ಸಿಸ್ಕೊ 122.4 ಪಶ್ಚಿಮ. ಪಶ್ಚಿಮಕ್ಕೆ ತಿರುಗಿದ್ರೆ 200 ಡಿಗ್ರಿ, ಪೂರ್ವಕ್ಕೆ ತಿರುಗಿದ್ರೆ 160. ಹಾಗಾಗಿ ಪೂರ್ವವೇ ಹತ್ತಿರ. ಮನೇಲಿ ಮಕ್ಕಳ ಗ್ಲೋಬ್ ಇದ್ರೆ ಒಂದು ದಾರ ತಗೊಂಡು ಎರಡು ಊರಿನ ಮೇಲೂ ಬಿಗಿಯಾಗಿ ಹಿಡೀರಿ. ದಾರ ಸೀದಾ ಪೆಸಿಫಿಕ್ ಮೇಲೆ ಹೋಗಲ್ಲ, ಮೇಲಕ್ಕೆ ಜಾರುತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆಮೇಲೆ 71 ಡಿಗ್ರಿ ಉತ್ತರದ ಹತ್ರ ಆರ್ಕ್ಟಿಕ್ ಸಮುದ್ರ, ಅಲ್ಲಿಂದ ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತೆ. ಗೋಡೆ ಮೇಲಿನ ಚಪ್ಪಟೆ ನಕ್ಷೆ ನೋಡಿದ್ರೆ ಇದು ಅರ್ಥ ಆಗಲ್ಲ, ಗುಂಡಗಿರೋ ಭೂಮಿನ ಹಿಗ್ಗಿಸಿ ಹಾಳೆ ಮೇಲೆ ಹಾಕಿರ್ತಾರೆ.

ದಾವಣಗೆರೆ_ಬೆಣ್ಣೆ
ಆದ್ರೆ ಏರ್ ಇಂಡಿಯಾ ಉತ್ತರ ಧ್ರುವದ ಮೇಲೇ ಬಂತು ಅಂತ ಎಲ್ಲಾ ಚಾನೆಲ್‌ನಲ್ಲೂ ತೋರಿಸಿದ್ರಲ್ಲ, ಮಹಿಳಾ ಪೈಲಟ್‌ಗಳು. ಅದು ಸುಳ್ಳಾ ಹಂಗಾದ್ರೆ

ರನ್‌ವೇ_27
ಸುಳ್ಳಲ್ಲ. 2021 ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣಕ್ಕೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವ, ಕಾಕ್‌ಪಿಟ್‌ನಲ್ಲಿ ಎಲ್ಲಾ ಹೆಂಗಸರೇ, ಬೋಯಿಂಗ್ 777-200ಎಲ್‌ಆರ್. ದಾರಿ ಧ್ರುವ ಪ್ರದೇಶದ್ದು. ಯಾಕೆ ಅಂದ್ರೆ ಅದು ಬರೋ ದಿಕ್ಕು, ಅದೂ ಜನವರಿ, ಜೆಟ್ ಸ್ಟ್ರೀಮ್ ಜೋರಾಗಿರೋ ತಿಂಗಳು. ಪೆಸಿಫಿಕ್ ಮೇಲೆ ಎದೆ ಕೊಟ್ಟು ಬರೋದಕ್ಕಿಂತ ಇನ್ನೂ ಉತ್ತರಕ್ಕೆ ಹೋಗಿ ಆ ಗಾಳೀನ ತಪ್ಪಿಸ್ಕೊಂಡು ಬರೋದು ಲಾಭ. ನಕ್ಷೇಲಿ ಉದ್ದ ಆದ್ರೂ ಗಡಿಯಾರದಲ್ಲಿ ಕಮ್ಮಿ, ಇಂಧನದಲ್ಲೂ ಕಮ್ಮಿ.

ನಿಜವಾಗ್ಲೂ ಧ್ರುವದ ಪಕ್ಕದಲ್ಲೇ ಹೋಗೋ ಗೆರೆ ಬೇಕಾದ್ರೆ ದುಬೈ–ಸ್ಯಾನ್ ಫ್ರಾನ್ಸಿಸ್ಕೊ ನೋಡಿ. ಎರಡೂ ಊರು ಭೂಮಿಯ ಹೆಚ್ಚುಕಮ್ಮಿ ಎದುರು ಬದುರು ರೇಖಾಂಶದಲ್ಲಿವೆ, ಅವುಗಳ ಮಧ್ಯೆ ಅತಿ ಹತ್ತಿರದ ಗೆರೆ 88 ಡಿಗ್ರಿ ಉತ್ತರದವರೆಗೂ ಹೋಗುತ್ತೆ. ಸುಮಾರು 13,000 ಕಿಲೋಮೀಟರ್.

ಕುಡ್ಲದ_ಮೀನು
ಮಾರಾಯ್ರೆ ಅಷ್ಟು ಮೇಲೆ ಹೋದ್ರೆ ಪೆಟ್ರೋಲ್ ಹೆಪ್ಪುಗಟ್ಟುದಿಲ್ವಾ

ರನ್‌ವೇ_27
ಒಳ್ಳೇ ಪ್ರಶ್ನೆ. ಪೆಟ್ರೋಲ್ ಅಲ್ಲ, ಒಂದು ಥರ ಸೀಮೆಎಣ್ಣೆ. ಜೆಟ್ ಎ-1 ಹೆಪ್ಪುಗಟ್ಟೋದು ಮೈನಸ್ 47ಕ್ಕೆ, ಅಮೆರಿಕದಲ್ಲಿ ಜಾಸ್ತಿ ಸಿಗೋ ಜೆಟ್ ಎ ಮೈನಸ್ 40ಕ್ಕೆ. ಹೊರಗಡೆ ಗಾಳಿ ಮೈನಸ್ 60, 65 ಇರಬಹುದು. ಆದ್ರೆ ವಿಮಾನ ವೇಗವಾಗಿ ಹೋಗೋದ್ರಿಂದ ಗಾಳಿ ಒತ್ತಿ ರೆಕ್ಕೆ ಮೈ ಸ್ವಲ್ಪ ಬಿಸಿ ಆಗುತ್ತೆ, ಹಾಗಾಗಿ ಟ್ಯಾಂಕಿನ ಒಳಗೆ ಅಷ್ಟು ಇಳಿಯಲ್ಲ. ಪೈಲಟ್‌ಗಳು ಇಂಧನದ ಉಷ್ಣತೆ ನೋಡ್ತಾನೇ ಇರ್ತಾರೆ, ತೀರಾ ಇಳೀತಿದೆ ಅನ್ಸಿದ್ರೆ ಸ್ವಲ್ಪ ಕೆಳಗೆ ಇಳಿದು ಬೆಚ್ಚಗಿನ ಗಾಳಿಗೆ ಬರ್ತಾರೆ, ಇಲ್ಲ ವೇಗ ಜಾಸ್ತಿ ಮಾಡ್ತಾರೆ.

ಕುಡ್ಲದ_ಮೀನು
ಹಾಗಾದ್ರೆ ತೊಂದರೆ ಇಲ್ಲ. ನಾನು ದುಬೈ ದಾರಿಯಲ್ಲಿ ಹೋದವನು, ಕಿಟಕಿಯಿಂದ ನೋಡಿದ್ರೆ ಬರೀ ಬಿಳಿ, ಗಂಟೆಗಟ್ಲೆ ಬಿಳಿ. ಪಕ್ಕದಲ್ಲಿ ಕೂತ ಅಜ್ಜ ನಿದ್ದೆಯಿಂದ ಎದ್ದು ಎದ್ದು "ಇನ್ನೂ ಮೋಡವಾ" ಅಂತ ಕೇಳ್ತಿದ್ರು, ಅದು ಮೋಡ ಅಲ್ಲ ಹಿಮ ಅಂತ ಹೇಳುದಕ್ಕೆ ನನಗೂ ಸುಮಾರು ಹೊತ್ತು ಬೇಕಾಯ್ತು.

ನಕ್ಷೆಪ್ರಿಯ
ಒಂದು ವಿಷಯ ಯಾರೂ ಹೇಳ್ಲಿಲ್ಲ. ಮೇಷ್ಟ್ರು ಹೇಳಿದ ದಾರ ಟಿಬೆಟ್ ಮೇಲೆ ಹೋಗುತ್ತೆ, ನಿಜವಾದ ವಿಮಾನ ಅಲ್ಲಿ ಹೋಗೋದನ್ನ ಆದಷ್ಟು ತಪ್ಪಿಸ್ತಾವೆ. ಕಾರಣ, ಕ್ಯಾಬಿನ್‌ನಲ್ಲಿ ಗಾಳಿ ಒತ್ತಡ ಹೋದ್ರೆ ತಕ್ಷಣ 10,000 ಅಡಿಗೆ ಇಳೀಬೇಕು, ಮೇಲಿಂದ ನೇತಾಡೋ ಮಾಸ್ಕ್‌ನಲ್ಲಿ ಆಮ್ಲಜನಕ ಬರೋದು ಸಾಮಾನ್ಯವಾಗಿ 12ರಿಂದ 20 ನಿಮಿಷದಷ್ಟು. ಟಿಬೆಟ್ ಪ್ರಸ್ಥಭೂಮಿ ನೆಲವೇ 14–15 ಸಾವಿರ ಅಡಿ ಎತ್ತರ, ಇಳಿಯೋದೆಲ್ಲಿಗೆ? ಹಾಗಾಗಿ ಸುತ್ತಾಕ್ಕೊಂಡು ಹೋಗ್ಬೇಕು. 13,990 ಅನ್ನೋದು ಗ್ಲೋಬ್ ಮೇಲಿನ ದೂರ, ವಿಮಾನ ಹಾರೋದು ಅದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನೋದು ದಿನಾ ಬದಲಾಗುತ್ತೆ, ಆ ದಿನದ ಗಾಳಿ ನೋಡ್ಕೊಂಡು ದಾರಿ ಹಾಕ್ತಾರೆ.

ಬಸವನಗುಡಿ_ಬಸ್ಯಾ
ಎಲ್ಲಾ ಸರಿ, ಅಮೆರಿಕದ ಕಂಪನಿಗಳು ಯಾಕೆ ಬೆಂಗಳೂರಿಗೆ ನಿಲ್ಲದೇ ಬರಲ್ಲ? ಅರ್ಧ ಸಿಲಿಕಾನ್ ವ್ಯಾಲಿ ಇಲ್ಲೇ ಇದೆ. ಇಷ್ಟು ಜನ ಓಡಾಡ್ತಾರೆ, ಅಪ್ಪ ಅಮ್ಮಂದ್ರೇ ವರ್ಷಕ್ಕೆ ಎಷ್ಟು ಜನ ಹೋಗ್ತಾರೆ. ಅನ್ಯಾಯ ಇದು.

ರನ್‌ವೇ_27
ಬರೋದಿತ್ತು. ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಅಂತ 2020ರಲ್ಲಿ ಘೋಷಣೆ ಮಾಡಿತ್ತು, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು ಅಂತ ಅದೇ ವರ್ಷ. ಮೊದಲು ಕೋವಿಡ್, ಆಮೇಲೆ 2022ರಲ್ಲಿ ಉಕ್ರೇನ್ ಯುದ್ಧ, ರಷ್ಯಾ ಆಕಾಶ ಅಮೆರಿಕ ಮತ್ತೆ ಯುರೋಪಿನ ವಿಮಾನಗಳಿಗೆ ಮುಚ್ಚೋಯ್ತು. ಎರಡೂ ಶುರು ಆಗ್ಲೇ ಇಲ್ಲ. ಸೈಬೀರಿಯಾ ಬಿಟ್ಟು ಸುತ್ತಿ ಬರ್ಬೇಕಂದ್ರೆ ಅಷ್ಟು ಇಂಧನ ಹೊತ್ಕೊಂಡು ಜನ, ಸರಕು ಎಲ್ಲಾ ಹೊರೋದು ಕಷ್ಟ. ಭಾರತದ ಕಂಪನಿಗಳಿಗೆ ರಷ್ಯಾ ಮುಚ್ಚಿಲ್ಲ, ಅದೇ ಏರ್ ಇಂಡಿಯಾಗೆ ಇದ್ದ ಅನುಕೂಲ. ಆದ್ರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿತು, ದೆಹಲಿಯಿಂದ ಪಶ್ಚಿಮಕ್ಕೆ ಹೋಗೋ ಎಷ್ಟೋ ವಿಮಾನಗಳಿಗೆ ಗಂಟೆಗಟ್ಟಲೆ ಜಾಸ್ತಿ ಆಯ್ತು. ಅಂದ್ರೆ ದೂರ ಭೂಗೋಳದ ಪುಸ್ತಕದಲ್ಲಿ ಹಾಗೇ ಇರುತ್ತೆ, ಪ್ರಯಾಣದ ಹೊತ್ತು ಮಾತ್ರ ರಾಜಕೀಯ ನೋಡ್ಕೊಂಡು ಉದ್ದ ಆಗುತ್ತೆ.

ಇನ್ನೊಂದು, ಏರ್ ಇಂಡಿಯಾದ ಈ ನಿಲ್ಲದೇ ಹೋಗೋ ಬೆಂಗಳೂರು ವಿಮಾನ 2021ರಲ್ಲಿ ಶುರುವಾಗಿ ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿದ್ದು. ದಿನಾ ಇದ್ದ ವಿಮಾನ ಅಲ್ಲ, ಈಗ ಇದೆಯೋ ಇಲ್ವೋ ಅದೂ ಖಚಿತ ಇಲ್ಲ. ನೀವು ಅದನ್ನೇ ನಂಬ್ಕೊಂಡು ದಿನ ಗೊತ್ತು ಮಾಡೋ ಮೊದಲು ಆ ತಾರೀಕಿಗೆ ಇದೆಯಾ ಅಂತ ಕಂಪನಿಯ ವೇಳಾಪಟ್ಟಿ ನೋಡಿ.

ಧಾರವಾಡ_ಪೇಡೆ
ನಾ ಫ್ರೀಮಾಂಟ್‌ದಾಗ ಇರೋದ್ರಿ. ಅವ್ವನ್ನ ಎರಡೂ ರೀತಿ ಕರಿಸೇನಿ, ನಿಲ್ಲದ ವಿಮಾನದಾಗೂ, ನಡುವ ಇಳಿದೂ. ನನ್ನ ಮಾತು ಕೇಳ್ರಿ, ಅವ್ವನಂಥಾವ್ರಿಗೆ ಇಂಗ್ಲಿಷ್ ಬರಂಗಿಲ್ಲ ಅಂದ್ರ ನಿಲ್ಲದ ವಿಮಾನ ಭಾಳ ಚಲೋ. ಒಮ್ಮೆ ಹತ್ತಿಸಿದ್ರ ಇಳಿಯೋದು ಒಂದ ಕಡೆ. ನಡುವ ಇಳಿಯೋ ದಾರ್‍ಯಾಗ ಏನಾತಂದ್ರ ಮೊದಲ್ನೇ ವಿಮಾನ ತಡಾ ಆತು, ಎರಡನೇದು ತಪ್ಪಿತು, ಅವ್ವ ಒಂದು ದೊಡ್ಡ ವಿಮಾನ ನಿಲ್ದಾಣದಾಗ ರಾತ್ರಿಯೆಲ್ಲಾ ಕುಂತ್ಲು. ಫೋನ್‌ಗೆ ವೈಫೈ ಹಚ್ಚೋದು ಆಕಿಗೆ ಗೊತ್ತಿಲ್ಲ, ಯಾರ್ನ ಕೇಳ್ಬೇಕು ಗೊತ್ತಿಲ್ಲ. ನಾವಿಲ್ಲಿ ಎಲ್ಲಿ ಅದಾಳ ಅಂತ ತಿಳೀದ ಒದ್ದಾಡಿದ್ವಿ. ಕಡೀಕ ಒಬ್ಬ ತೆಲುಗು ಹುಡುಗ ತನ್ನ ಫೋನಿಂದ ನನಗ ಹಚ್ಚಿ ಕೊಟ್ಟ. ಆ ಹುಡುಗನ ತಾಯಿ ಹೊಟ್ಟಿ ತಣ್ಣಗಿರ್ಲಿ.

ಅಜ್ಜಿಮನೆ
ನನ್ನ ಅಭಿಪ್ರಾಯ ಪೂರಾ ಬೇರೆ. ಮಂಡಿನೋವಿರೋರನ್ನ ಹದಿನಾರು ಗಂಟೆ ಒಂದೇ ಸೀಟಲ್ಲಿ ಕೂರಿಸ್ತೀರಾ? ನಮ್ಮತ್ತೆ ಹಾಗೆ ಹೋಗಿ ಇಳಿದ ಮೇಲೆ ಕಾಲು ಊದಿಕೊಂಡು ನಾಲ್ಕು ದಿನ ಎದ್ದಿಲ್ಲ. ಬಾಣಂತನ ಮಾಡೋಕೆ ಹೋದವರಿಗೇ ಬಾಣಂತನ ಮಾಡ್ಬೇಕಾಯ್ತು ಅಂತ ಮಗಳು ಅಂದಳು. ಮಧ್ಯೆ ಇಳಿದು ಒಂದಿಷ್ಟು ನಡೆದು, ಮುಖ ತೊಳೆದು, ಬಿಸಿ ಕಾಫಿ ಕುಡಿದು ಹೋದ್ರೆ ಮನುಷ್ಯ ಮನುಷ್ಯನ ಥರ ಇಳಿಯುತ್ತೆ.

ಬಸವನಗುಡಿ_ಬಸ್ಯಾ
ಮಧ್ಯೆ ಇಳಿದ್ರೂ ಒಂದು ತುಂಡು 15 ಗಂಟೆ ಇರುತ್ತಲ್ಲ ಅಕ್ಕ. ದುಬೈ ತನಕ ನಾಲ್ಕು ಗಂಟೆ, ಆಮೇಲೆ ಹದಿನೈದೂ ಮುಕ್ಕಾಲು. ಏನು ಉಳೀತು ಹೇಳಿ.

ನಕ್ಷೆಪ್ರಿಯ
ಬಸ್ಯಾ ಹೇಳಿದ್ದು ಮುಖ್ಯವಾದ ವಿಷಯ. ಎಲ್ಲಿ ಇಳೀತೀರ ಅನ್ನೋದು ನೋಡ್ಬೇಕು. ಗ್ಲೋಬ್ ಲೆಕ್ಕದಲ್ಲೇ ಹಾಕಿದೀನಿ ನೋಡಿ.

ದುಬೈ ದಾರಿ: 2,700 ಪ್ಲಸ್ 13,020, ಒಟ್ಟು 15,700ರ ಆಸುಪಾಸು. ಸಿಂಗಾಪುರ ದಾರಿ: 3,170 ಪ್ಲಸ್ 13,590, ಒಟ್ಟು 16,760. ಈ ಎರಡರಲ್ಲೂ ಒಂದು ತುಂಡು ಚಿಕ್ಕದು, ಇನ್ನೊಂದು ಹೆಚ್ಚುಕಮ್ಮಿ ಪೂರ್ತಿ ಪ್ರಯಾಣದಷ್ಟೇ. ಮಂಡಿಗೆ ಏನೂ ಉಪಕಾರ ಇಲ್ಲ. ಫ್ರಾಂಕ್‌ಫರ್ಟ್ ದಾರಿ: 7,400 ಪ್ಲಸ್ 9,150, ಒಟ್ಟು 16,550, ಸುಮಾರು ಹತ್ತು ಗಂಟೆ ಮತ್ತೆ ಹನ್ನೊಂದೂವರೆ ಗಂಟೆ. ದೂರ ಜಾಸ್ತಿ, ಆದ್ರೆ ಹೆಚ್ಚುಕಮ್ಮಿ ಸಮಭಾಗ. ಟೋಕಿಯೋ ದಾರಿ: 6,700 ಪ್ಲಸ್ 8,220, ಒಟ್ಟು 14,920. ನೋಡಿ, ನಿಲ್ಲದೇ ಹೋಗೋದಕ್ಕಿಂತ ಬರೀ 900 ಕಿಲೋಮೀಟರ್ ಜಾಸ್ತಿ. ಜಪಾನ್ ಏರ್‌ಲೈನ್ಸ್ 2021ರಿಂದ ಬೆಂಗಳೂರಿಂದ ಟೋಕಿಯೋದ ನರಿತಾ ಏರ್‌ಪೋರ್ಟ್‌ಗೆ ಹಾರಿಸ್ತಿದೆ, ಎಂಟು ಗಂಟೆ ಚಿಲ್ಲರೆ, ಅಲ್ಲಿಂದ ಪೆಸಿಫಿಕ್ ದಾಟೋಕೆ ಒಂಬತ್ತೂವರೆ, ಗಾಳಿ ಬೆನ್ನಿಗೆ. ಹಾಂಕಾಂಗ್ ಕೂಡ ಚೆನ್ನಾಗಿದೆ, 3,950 ಪ್ಲಸ್ 11,100.

ನಮ್ಮೂರಲ್ಲಿ ಎಲ್ರೂ ಅಮೆರಿಕ ಅಂದ ತಕ್ಷಣ ದುಬೈ ಇಲ್ಲ ಯುರೋಪ್ ಅಂತಾರೆ, ಕ್ಯಾಲಿಫೋರ್ನಿಯಾಗೆ ಪೂರ್ವದ ದಾರಿ ನೋಡೋರೇ ಕಮ್ಮಿ. ನನಗೆ ಇದು ಬೇಜಾರಿನ ವಿಷಯ, ಟ್ರಾವೆಲ್ ಏಜೆಂಟರೂ ತೋರಿಸಲ್ಲ.

ಅಜ್ಜಿಮನೆ
ಜಪಾನ್ ದಾರಿ ಗೊತ್ತೇ ಇರ್ಲಿಲ್ಲ. ಆದ್ರೆ ಊಟ? ಸಸ್ಯಾಹಾರಿ ಸಿಗುತ್ತಾ?

ಬೇಏರಿಯಾ_ಕನ್ನಡತಿ
ಎಲ್ಲಾ ದೊಡ್ಡ ಕಂಪನೀಲೂ ಸಿಗುತ್ತೆ, ಆದ್ರೆ ಟಿಕೆಟ್ ಮಾಡಿದ ಮೇಲೆ ನಾವೇ ಕೇಳಿಟ್ಟಿರ್ಬೇಕು. ಎವಿಎಂಎಲ್ ಅಂತ ಒಂದು ಕೋಡ್ ಇದೆ, ಏಷ್ಯನ್ ಸಸ್ಯಾಹಾರಿ ಊಟ. ಹೊರಡೋಕೆ ಎರಡು ದಿನ ಮೊದಲೇ ಹಾಕಿಸಿ. ವೀಲ್‌ಚೇರ್‌ನೂ ಆಗ್ಲೇ ಹಾಕಿಸಿ, ಅಮ್ಮ "ನನಗೇನು ನಡಿಯೋಕಾಗಲ್ವಾ" ಅಂತ ಬೇಜಾರು ಮಾಡ್ಕೊಂಡ್ರೂ ಹಾಕಿಸಿ. ವೀಲ್‌ಚೇರ್ ತಳ್ಳೋರು ಇಮಿಗ್ರೇಷನ್ ತನಕ ಕರ್ಕೊಂಡು ಹೋಗ್ತಾರೆ, ಬ್ಯಾಗ್ ಎತ್ತಿಕೊಡ್ತಾರೆ, ಹೊರಗಡೆ ನಿಮ್ಮ ತಂಗಿಗೆ ಒಪ್ಪಿಸ್ತಾರೆ. ಮಂಡಿಗಿಂತ ಜಾಸ್ತಿ ಅದು ದಾರಿ ತಪ್ಪದೇ ಇರೋಕೆ. ಮತ್ತೆ ಒಂದು ಹಾಳೇಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಮಗಳ ವಿಳಾಸ, ಫೋನು, ಔಷಧಿ ಹೆಸರು, "ಮಗಳ ಮನೆಗೆ ಹೋಗ್ತಿದೀನಿ, ಇಂಥ ತಿಂಗಳು ವಾಪಸ್" ಅಂತ ಬರೆದು ಪಾಸ್‌ಪೋರ್ಟ್ ಒಳಗೇ ಇಡಿ.

ವೈದ್ಯೆ_ಮೈಸೂರು
ಇಷ್ಟು ಹೊತ್ತು ಓದ್ತಿದ್ದೆ, ಶುಗರ್ ವಿಷಯ ಯಾರೂ ಎತ್ತಲಿಲ್ಲ ಅಂತ ಬರೀತಿದೀನಿ.

ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೇ ಕೂತು ಪ್ರಯಾಣ ಮಾಡಿದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಎರಡು ಪಟ್ಟು ಅಂದ್ರೂ ಆರು ಸಾವಿರಕ್ಕೆ ಒಬ್ಬರ ಲೆಕ್ಕ, ಹೆದರಬೇಡಿ. ಆದ್ರೆ ವಯಸ್ಸು, ದಪ್ಪ ಮೈ, ಮುಂಚೆ ಒಮ್ಮೆ ಹಾಗೆ ಆಗಿರೋದು, ಇವೆಲ್ಲ ಸೇರಿದ್ರೆ ಜಾಸ್ತಿ. ನಡುದಾರಿ ಪಕ್ಕದ ಸೀಟ್ ಹಿಡಿದುಕೊಡಿ, ಕಿಟಕಿ ಸೀಟಲ್ಲಿ ಕೂತ ಅಮ್ಮಂದಿರು ಪಕ್ಕದವರನ್ನ ಎಬ್ಬಿಸೋಕೆ ಸಂಕೋಚ ಪಟ್ಕೊಂಡು ಬಾತ್‌ರೂಮಿಗೂ ಹೋಗಲ್ಲ, ಹೋಗ್ಬೇಕಾಗುತ್ತೆ ಅಂತ ನೀರೂ ಕುಡಿಯಲ್ಲ. ಕ್ಯಾಬಿನ್ ಗಾಳೀಲಿ ತೇವ ನೂರಕ್ಕೆ ಹತ್ತು ಇಪ್ಪತ್ತು ಮಾತ್ರ, ಒಣಗಿ ಹೋಗ್ತಾರೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ, ಕೂತಲ್ಲೇ ಹಿಮ್ಮಡಿ ಮೇಲೆ ಕೆಳಗೆ. ಬಿಗಿ ಕಾಲುಚೀಲ ಹಾಕೋದಾದ್ರೆ ಶುಗರ್ ಇರೋರು ಕೇಳಿ ಹಾಕಿ, ಕಾಲಿನ ರಕ್ತ ಓಡಾಟ ಸರಿ ಇಲ್ದಿದ್ರೆ ಅದೇ ತೊಂದರೆ.

ಮಾತ್ರೆ ಹೊತ್ತು ಹೇಗೆ ಅನ್ನೋದನ್ನ ಅವರ ಡಾಕ್ಟರ್ ಹತ್ರಾನೇ ಬರೆಸ್ಕೊಳ್ಳಿ. ಆಗಸ್ಟ್‌ನಲ್ಲಿ ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಅಂದ್ರೆ ಹಗಲು ರಾತ್ರಿ ಪೂರ್ತಿ ತಿರುಗಿ ಹೋಗುತ್ತೆ. ಇನ್ಸುಲಿನ್ ಇದ್ರೆ ಕೈಚೀಲದಲ್ಲೇ, ದೊಡ್ಡ ಬ್ಯಾಗಲ್ಲಿ ಹಾಕಿದ್ರೆ ಕೆಳಗಡೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಚೀಟಿ, ಮಾತ್ರೆ ಡಬ್ಬಿ, ಒಂದಿಷ್ಟು ಗ್ಲೂಕೋಸ್ ಬಿಸ್ಕತ್ತು ಜೊತೇಲೇ ಇರಲಿ. ವಿಮಾನದ ಊಟ ಅವರ ಹೊತ್ತಿಗೆ ಬರುತ್ತೆ, ನಿಮ್ಮಮ್ಮನ ಹೊತ್ತಿಗಲ್ಲ.

ತುಂಗಾತೀರ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. ಕಿಟಕಿ ಸೀಟ್ ಮಾಡೋಣ, ಅಮ್ಮ ಹೊರಗೆ ನೋಡ್ಲಿ ಅಂತ ಇದ್ದೆ. ಈಗ ನಡುದಾರಿ ಪಕ್ಕದ್ದೇ ಮಾಡ್ತೀನಿ.

ದಾವಣಗೆರೆ_ಬೆಣ್ಣೆ
ನೀವೆಲ್ಲಾ ವಿಮಾನದ ಹೊತ್ತು ಮಾತ್ರ ಲೆಕ್ಕ ಹಾಕ್ತಿದೀರಿ. ಶಿವಮೊಗ್ಗದಿಂದ ದೇವನಹಳ್ಳಿಗೆ ಹೋಗೋದು ಯಾರು ಲೆಕ್ಕ ಹಾಕೋದು? ಮುನ್ನೂರು ಕಿಲೋಮೀಟರ್ ಮೇಲಿದೆ, ಆರು ಗಂಟೆ ಕಾರಲ್ಲಿ. ಮೂರು ಗಂಟೆ ಮುಂಚೆ ಅಲ್ಲಿರ್ಬೇಕು. ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಒಂದೂವರೆ ಎರಡು ಗಂಟೆ, ಸನ್ನಿವೇಲ್‌ಗೆ ಟ್ರಾಫಿಕ್. ಅಮ್ಮ ಕೇಳಿದ್ದು ಎಷ್ಟು ಹೊತ್ತು ಕೂತಿರ್ಬೇಕು ಅಂತ, ಮನೆಯಿಂದ ಮನೆಗೆ ಲೆಕ್ಕ ಹಾಕಿದ್ರೆ ನಿಲ್ಲದ ವಿಮಾನಕ್ಕೇ 28 ಗಂಟೆ ಆಗುತ್ತೆ.

ಕುಡ್ಲದ_ಮೀನು
ಶಿವಮೊಗ್ಗದಲ್ಲಿ ಈಗ ಏರ್‌ಪೋರ್ಟ್ ಉಂಟಲ್ಲ

ದಾವಣಗೆರೆ_ಬೆಣ್ಣೆ
ಇದೆ, 2023ರ ಫೆಬ್ರವರೀಲಿ ಉದ್ಘಾಟನೆ ಆಯ್ತು, ಆ ವರ್ಷ ಆಗಸ್ಟ್‌ನಿಂದ ಬೆಂಗಳೂರಿಗೆ ವಿಮಾನ ಶುರು. ಆದ್ರೆ ಬೇರೆ ಬೇರೆ ಟಿಕೆಟ್ ಮಾಡಿದ್ರೆ ಒಂದು ತಪ್ಪಿದ್ರೆ ಇನ್ನೊಂದು ಹೋಯ್ತು, ಮಳೆಗಾಲದಲ್ಲಿ ಆ ಭರವಸೆ ಇಟ್ಕೋಬೇಡಿ. ನಮ್ಮ ಕಡೆಯವರೊಬ್ಬರು ಮಳೇಲಿ ವಿಮಾನ ಕ್ಯಾನ್ಸಲ್ ಆಗಿ ರಾತ್ರೋರಾತ್ರಿ ಕಾರ್ ಮಾಡ್ಕೊಂಡು ಓಡಿದ್ರು, ತುಮಕೂರು ಹತ್ರ ಪಂಕ್ಚರು. ಹಿಂದಿನ ದಿನಾನೇ ಬೆಂಗಳೂರಿಗೆ ಹೋಗಿ ನೆಂಟರ ಮನೇಲಿ ಮಲಗಲಿ.

ಅಜ್ಜಿಮನೆ
ಇದು ಸರಿಯಾದ ಮಾತು. ಒಂದು ರಾತ್ರಿ ನಿದ್ದೆ ಆಗಿದ್ರೆ ಅರ್ಧ ಗೆದ್ದ ಹಾಗೆ. ವಿಜಯನಗರ, ರಾಜಾಜಿನಗರ ಎಲ್ಲಿಂದಾದ್ರೂ ವಾಯುವಜ್ರ ಬಸ್ ಹಿಡಿದ್ರೆ ಆಯ್ತು, ಆದ್ರೆ ಎರಡು ದೊಡ್ಡ ಬ್ಯಾಗ್ ಇದ್ರೆ ಕ್ಯಾಬೇ ಮಾಡಿ.

ನಕ್ಷೆಪ್ರಿಯ
ಒಂದು ಸಣ್ಣ ಜ್ಞಾನ, ವಿಷಯಕ್ಕೆ ಸ್ವಲ್ಪ ಹೊರಗೆ. ಇಷ್ಟು ದೂರ ಅಂತ ಭಯ ಪಡೋರಿಗೆ, ಈಗ ಓಡ್ತಿರೋ ಅತಿ ಉದ್ದದ ಪ್ರಯಾಣ ಸಿಂಗಾಪುರ–ನ್ಯೂಯಾರ್ಕ್, 15,349 ಕಿಲೋಮೀಟರ್, ಹದಿನೆಂಟೂವರೆ ಗಂಟೆ ಮೇಲೆ. ಆಸ್ಟ್ರೇಲಿಯಾದ ಕ್ವಾಂಟಸ್ ಸಿಡ್ನಿ–ಲಂಡನ್ ನಿಲ್ಲದೇ ಹಾರಿಸೋಕೆ ತಯಾರಿ ಮಾಡ್ತಿದೆ, 17,000, ಇಪ್ಪತ್ತು ಗಂಟೆ. ಇನ್ನು 777-200ಎಲ್‌ಆರ್, ಬೆಂಗಳೂರಿಗೆ ಮೊದಲು ಬಂತಲ್ಲ ಅದೇ ಮಾದರಿ, 2005ರ ನವೆಂಬರ್‌ನಲ್ಲಿ ಪ್ರದರ್ಶನದ ಹಾರಾಟದಲ್ಲಿ ಹಾಂಕಾಂಗಿಂದ ಲಂಡನ್‌ಗೆ ಪೂರ್ವದ ಕಡೆಯಿಂದ, ಪೆಸಿಫಿಕ್ಕೂ ಅಮೆರಿಕನೂ ಅಟ್ಲಾಂಟಿಕ್ಕೂ ದಾಟಿ, 21,602 ಕಿಲೋಮೀಟರ್ ಒಂದೇ ಉಸಿರಿಗೆ ಹಾರಿದೆ. 22 ಗಂಟೆ 42 ನಿಮಿಷ.

ಬಸವನಗುಡಿ_ಬಸ್ಯಾ
ಹಾಂಕಾಂಗಿಂದ ಲಂಡನ್‌ಗೆ ಪೂರ್ವದಿಂದ ಯಾಕ್ ಹೋದ್ರು, ಪಶ್ಚಿಮಕ್ಕೆ ಹತ್ರ ಅಲ್ವಾ

ನಕ್ಷೆಪ್ರಿಯ
ದಾಖಲೆ ಮಾಡೋಕೇ. ಪಶ್ಚಿಮಕ್ಕೆ ಹತ್ತು ಸಾವಿರದ ಒಳಗೆ. ಪೂರ್ವಕ್ಕೆ ಹೋದ್ರೆ ದೂರಾನೂ ಜಾಸ್ತಿ ಸಿಗುತ್ತೆ, ಗಾಳೀನೂ ಬೆನ್ನಿಗೆ ಸಿಗುತ್ತೆ.

ಬೇಏರಿಯಾ_ಕನ್ನಡತಿ
ಅಮ್ಮನಿಗೆ ದಿನದ ಲೆಕ್ಕನೂ ಹೇಳಿಬಿಡಿ, ಇಲ್ಲಾಂದ್ರೆ ಗಾಬರಿ ಆಗ್ತಾರೆ. 2021ರ ಮೊದಲ ವೇಳಾಪಟ್ಟೀಲಿ ಬೆಂಗಳೂರಿಂದ ಮಧ್ಯಾಹ್ನ 2:30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಲ್ಲಿ ಇಳೀತಿತ್ತು. 16 ಗಂಟೆ ಹಾರಿದ್ರೂ ಕ್ಯಾಲೆಂಡರ್‌ನಲ್ಲಿ ಎರಡೂವರೆ ಗಂಟೆ. ವಾಪಸ್ ಬರೋವಾಗ ಶನಿವಾರ ರಾತ್ರಿ ಎಂಟೂವರೆಗೆ ಹತ್ತಿದ್ರೆ ಸೋಮವಾರ ಬೆಳಗಿನ ಜಾವ, ಭಾನುವಾರ ಕೈಗೇ ಸಿಗಲ್ಲ. ವಾರದ ಉಪವಾಸ, ಏಕಾದಶಿ ಅಂತ ಇರೋರು ಮೊದಲೇ ನೋಡ್ಕೊಳ್ಳಿ, ನಮ್ಮಮ್ಮ ವಿಮಾನದಲ್ಲೇ "ಇವತ್ತು ಯಾವ ವಾರ" ಅಂತ ಗಗನಸಖೀನ ಕೇಳಿದ್ರು, ಅವಳು ನಿಂತು ಯೋಚನೆ ಮಾಡಿದಳು.

ಬಂದ ಮೇಲೆ ಮೊದಲ ಮೂರು ದಿನ ಮಧ್ಯಾಹ್ನ ಮಲಗೋಕೆ ಬಿಡ್ಬೇಡಿ, ಬಿಸಿಲಲ್ಲಿ ಒಂದು ಸುತ್ತು ನಡೆಸಿ. ಹೆರಿಗೆ ಡೇಟ್‌ಗೆ ಕನಿಷ್ಠ ಎರಡು ವಾರ ಮುಂಚೆ ಬಂದಿರ್ಲಿ, ಆಗಸ್ಟ್ ಕೊನೆ ಅಂದ್ರೆ ಸರಿಯಾಗಿದೆ. ಪೂರ್ವಕ್ಕೋ ಪಶ್ಚಿಮಕ್ಕೋ ಗೊತ್ತಿಲ್ಲದಷ್ಟು ಹಗಲು ರಾತ್ರಿ ತಿರುಗಿರುತ್ತೆ, ಹಾಗಿರೋವಾಗ ರಾತ್ರಿ ಎದ್ದು ಮಗು ನೋಡ್ಕೊಳ್ಳೋದು ಕಷ್ಟ.

ಧಾರವಾಡ_ಪೇಡೆ
ಖರೇ ಅಂದ್ರ ರಾತ್ರಿ ಮಗು ನೋಡ್ಕೊಳ್ಳಾಕ ಮೊದಲ ವಾರ ಅಮ್ಮಂದಿರ ಎಚ್ಚರ ಇರ್ತಾರ್ರಿ, ಅವರಿಗೆ ಅದು ಹಗಲು. ಉಪ್ಪಿನಕಾಯಿ, ಚಟ್ನಿಪುಡಿ, ಅಂಟಿನುಂಡಿ ಏನೇನ ಕಟ್ಕೊಂಡು ಹೊಂಟಾರ ಅದನ್ನ ಹೇಳ್ರಿ ಮೊದಲ.

ತುಂಗಾತೀರ
ಬಾಣಂತಿ ಖಾರ, ಮೆಣಸಿನಪುಡಿ, ಸಾರಿನಪುಡಿ, ಅಂಟಿನುಂಡೆ, ಅಪ್ಪೆಮಿಡಿ ಉಪ್ಪಿನಕಾಯಿ. ಅರ್ಧ ಬ್ಯಾಗ್ ಅದೇ. ತಗೊಂಡು ಹೋಗ್ಬಹುದಾ?

ಬೇಏರಿಯಾ_ಕನ್ನಡತಿ
ಪುಡಿ ಎಲ್ಲಾ ದೊಡ್ಡ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಇದ್ರೆ ಅಮೆರಿಕಕ್ಕೆ ಹೋಗೋ ವಿಮಾನದಲ್ಲಿ ತೆಗೆಸಿ ನೋಡ್ತಾರೆ, ಅನುಮಾನ ಬಂದ್ರೆ ಬಿಸಾಕ್ತಾರೆ. ಉಪ್ಪಿನಕಾಯಿ ಎಣ್ಣೆ ಸೋರದ ಹಾಗೆ ಎರಡು ಕವರ್. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ, ಕರಿಬೇವು, ವೀಳ್ಯದೆಲೆ ಇವೆಲ್ಲ ಬೇಡವೇ ಬೇಡ, ಮಾಂಸದ್ದೂ ಬೇಡ. ಮುಖ್ಯ ಏನಂದ್ರೆ ತಿಂಡಿ ಇದೆಯಾ ಅಂತ ಕೇಳಿದ್ರೆ "ಇದೆ" ಅಂತ್ಲೇ ಹೇಳ್ಬೇಕು. ಹೇಳಿದ್ರೆ ನೋಡಿ ಬಿಡ್ತಾರೆ, ಇಲ್ಲ ಅಂದು ಸಿಕ್ಕಿದ್ರೆ ದಂಡ. ಅಮ್ಮನಿಗೆ ಇದನ್ನ ಮನೇಲೇ ಹೇಳಿಕೊಡಿ, ಹೆದರಿ "ಏನೂ ಇಲ್ಲ" ಅಂದ್ಬಿಡ್ತಾರೆ.

ಅಜ್ಜಿಮನೆ
ಅಪ್ಪೆಮಿಡಿ ಎಲ್ಲಿಂದ, ಸಾಗರದ್ದಾ?

ತುಂಗಾತೀರ
ರಿಪ್ಪನ್‌ಪೇಟೆ ಕಡೇದು, ಅತ್ತೆ ಹಾಕಿದ್ದು.

ಎಲ್ರ ಮಾತೂ ಅಮ್ಮನಿಗೆ ಓದಿ ಹೇಳಿದೆ. ತಂಗಿ ಜೊತೆ ಮಾತಾಡಿ ನಿಲ್ಲದೇ ಹೋಗೋದನ್ನೇ ಮೊದಲು ನೋಡ್ತಿದೀವಿ, ಆ ವಾರ ವಿಮಾನ ಸಿಗದಿದ್ರೆ ಟೋಕಿಯೋ ದಾರಿ, ಒಂದೇ ಟಿಕೆಟ್‌ನಲ್ಲಿ, ವೀಲ್‌ಚೇರ್ ಜೊತೆ. ಸಮಭಾಗದ ಲೆಕ್ಕ ಅಮ್ಮನಿಗೆ ತುಂಬಾ ಹಿಡಿಸ್ತು, "ಎಂಟು ಒಂಬತ್ತು ಗಂಟೆ ಅಂದ್ರೆ ನಾನು ಧರ್ಮಸ್ಥಳ ಹೋಗಿ ಬಂದಷ್ಟೇ" ಅಂದ್ರು. ಬರೋದು ಜನವರಿ. ಆಗ್ಲೂ ಇದೇ ದಾರಿ ಮಾಡ್ಲಾ?

ರನ್‌ವೇ_27
ಜನವರಿ ಅಂದ್ರೆ ಎರಡು ವಿಷಯ. ಗಾಳಿ ಆಗ ಜೋರು, ಎದುರಿಗೆ. ಸ್ಯಾನ್ ಫ್ರಾನ್ಸಿಸ್ಕೊ–ಟೋಕಿಯೋ ಹೋಗೋವಾಗಿನ ಒಂಬತ್ತೂವರೆ ಬದಲು ಹನ್ನೊಂದು ಗಂಟೆ ಮೇಲೇ ಆಗುತ್ತೆ, ಅಲ್ಲಿಂದ ಬೆಂಗಳೂರಿಗೂ ಒಂದು ಗಂಟೆ ಜಾಸ್ತಿ ಇಟ್ಕೊಳ್ಳಿ. ಆಗ ಯುರೋಪ್ ದಾರೀನೂ ಒಮ್ಮೆ ನೋಡಿ, ಅಮೆರಿಕದಿಂದ ಪೂರ್ವಕ್ಕೆ ಹೊರಟ್ರೆ ಅದೇ ಗಾಳಿ ಬೆನ್ನಿಗಿರುತ್ತೆ, ಫ್ರಾಂಕ್‌ಫರ್ಟ್ ತನಕ ಬೇಗ ಬರ್ತಾರೆ. ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ರೆ ಅಲ್ಲಿ ಏರ್‌ಪೋರ್ಟ್ ಒಳಗೇ ವಿಮಾನ ಬದಲಾಯಿಸೋಕೆ ಬೇರೆ ವೀಸಾ ಬೇಕಾಗಲ್ಲ, ಹೊರಗೆ ಬರಬಾರದು ಅಷ್ಟೇ.

ಎರಡನೇದು, ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕ್ತಾರೆ. ಹೋಗೋವಾಗ ಹನ್ನೆರಡೂವರೆ ಗಂಟೆ ವ್ಯತ್ಯಾಸ ಅಂತ ಡಾಕ್ಟ್ರು ಹೇಳಿದ್ರಲ್ಲ, ಜನವರೀಲಿ ಅದು ಹದಿಮೂರೂವರೆ. ಮಾತ್ರೆ ಚೀಟಿ ಬರೆಸೋವಾಗ ಎರಡೂ ಪ್ರಯಾಣಕ್ಕೆ ಬೇರೆ ಬೇರೆ ಬರೆಸಿ.

ವೈದ್ಯೆ_ಮೈಸೂರು
ಹೌದು, ಎರಡು ಚೀಟಿ. ಮತ್ತೆ ಆರು ತಿಂಗಳಿಗೆ ಆಗೋವಷ್ಟು ಮಾತ್ರೆ ಇಲ್ಲಿಂದಲೇ ಕೊಡಿಸಿ, ಅಲ್ಲಿ ಡಾಕ್ಟರ್ ಚೀಟಿ ಇಲ್ದೆ ಸಿಗಲ್ಲ.